ಕಣ್ಣಿನ ಹಿಂದೆ ಬಿದ್ದವಳ ಪಾಡು

ಕಣ್ಣಿನ ಒಳಗೋಡೆಗೆ ಅಂಟಿಕೊಂಡಿರುವ ರೆಟಿನಾ ಎಂಬ ತೆಳು ಪರದೆಯನ್ನು ರಿಪೇರಿ ಮಾಡುವುದು, ಉಳಿದ ಹೊತ್ತಿನಲ್ಲಿ ಅದರ ಮೇಲೆ ಸಂಶೋಧನೆ ಮಾಡುವುದು ನನ್ನ ಕೆಲಸ. ಬಹಳ ಗಂಭೀರವಾದ ಕೆಲಸ ಎಂದು ಸೇರುವ ಮೊದಲು ನಾನೂ ನಂಬಿದ್ದೆ. ಈಗ ಚೆನ್ನೈಯಲ್ಲಿ ಒಂದು ವಾರ ಏನೂ ವಿಚಿತ್ರ ಆಗದೆ ಕಳೆದರೆ, ಆಗಿರುತ್ತದೆ, ನನಗೇ ಕಾಣಲಿಲ್ಲ ಎಂದುಕೊಳ್ಳುತ್ತೇನೆ.

೧. ಬರೀ ಕಣ್ಣು

ನಮ್ಮದು ಉಡುಪಿ ಕಡೆಯ ಹೋಟೆಲಿನವರ ಮನೆ. ಟಿ. ನಗರದಲ್ಲಿ ಅಪ್ಪಯ್ಯನ ಹೋಟೆಲು. ಬೆಳ್ಳುಳ್ಳಿಗೂ ಪ್ರವೇಶವಿಲ್ಲದ ಅಡುಗೆಮನೆ. ಅಂಥ ಮನೆಯ ಮಗಳು ಸರ್ಜರಿ ಕಲಿಯುವಾಗ ದಿನಾ ಬೆಳಿಗ್ಗೆ ಸ್ಟೀಲ್ ಡಬ್ಬಿ ಹಿಡಿದು ಮಟನ್ ಅಂಗಡಿಯ ಮುಂದೆ ನಿಲ್ಲಬೇಕಾಯಿತು. ಮನುಷ್ಯರ ಕಣ್ಣಿಗೆ ಕೈ ಹಾಕುವ ಮೊದಲು ಆಡಿನ ಕಣ್ಣಿನ ಮೇಲೆ ಕೈ ಪಳಗಬೇಕಲ್ಲ.

"ತಲೆ ಬೇಡ್ವಾ ಅಕ್ಕಾ? ಕಾಲು? ಬರೀ ಕಣ್ಣಾ?" ಎಂದ ಅಂಗಡಿಯವನು.

"ಬರೀ ಕಣ್ಣು. ಆಪರೇಷನ್ ಮಾಡ್ಲಿಕ್ಕೆ."

ಅವನು ಕತ್ತಿ ಕೆಳಗಿಟ್ಟು ನನ್ನನ್ನೇ ನೋಡಿದ. "ಈಗ ಮಾಡಿ ಏನು ಪ್ರಯೋಜನ ಅಕ್ಕಾ? ನಿನ್ನೇನೇ ಬರಬೇಕಿತ್ತು."

ಮರುದಿನದಿಂದ ಡಬ್ಬಿ ತೆಗೆದುಕೊಳ್ಳುವಾಗಲೆಲ್ಲ "ನಿನ್ನೆಯದು ಸಕ್ಸೆಸ್ಸಾ?" ಎಂದು ಕಾಳಜಿಯಿಂದ ಕೇಳುತ್ತಿದ್ದ. ಇಲ್ಲ ಎಂದರೆ ಬೇಸರಪಟ್ಟು ಇನ್ನೊಂದು ಜೊತೆ ಹೆಚ್ಚಿಗೆ ಹಾಕುತ್ತಿದ್ದ.

ಮನೆಯಲ್ಲಿ ನಾನು ಈ ವಿಷಯ ಬಾಯಿ ಬಿಟ್ಟಿರಲಿಲ್ಲ. ಆದರೆ ನಮ್ಮ ಹೋಟೆಲಿಗೆ ದಿನಾ ಕಾಫಿಗೆ ಬರುವ ಗಿರಾಕಿಯೊಬ್ಬರು ನನ್ನನ್ನು ಅಲ್ಲಿ ಕಂಡು, ಅಪ್ಪಯ್ಯನಿಗೆ ಸವಿವರವಾಗಿ ವರದಿ ಒಪ್ಪಿಸಿಬಿಟ್ಟರು. ಆ ದಿನ ಅಪ್ಪಯ್ಯ ಊಟ ಮುಗಿಸಿದರು. ಕೈ ತೊಳೆದು ಬಂದು ನನ್ನ ಪಕ್ಕ ಕೂತರು. ಸ್ವರ ತಗ್ಗಿಸಿ ಹೇಳಿದರು:

"ನೋಡು ಮಗಳೇ, ಕಾಲ ಬದಲಾಗಿದೆ. ತಿನ್ನುದಾದ್ರೆ ತಿನ್ನು, ನಾನು ಬೇಡ ಹೇಳುದಿಲ್ಲ. ಆದ್ರೆ ಬರೀ ಕಣ್ಣೇ ಯಾಕೆ?"

೨. ಪರೀಕ್ಷೆ

ಸಂಶೋಧನೆಗೆ ರೋಗಿಗಳು ಬೇಕಾದಷ್ಟು ಸಿಗುತ್ತಾರೆ. ಸಿಗದಿರುವವರು ಆರೋಗ್ಯವಂತರು. ಹೋಲಿಸಿ ನೋಡಲು ಒಂದು ಜೊತೆ ಒಳ್ಳೆಯ ರೆಟಿನಾ ಕಡಿಮೆ ಬಿದ್ದಾಗ, ನನ್ನದನ್ನೇ ಕೊಟ್ಟರಾಯಿತು ಎಂದು ಪಾಪೆ ಅಗಲವಾಗುವ ಹನಿ ಹಾಕಿಸಿಕೊಂಡೆ. ಆ ಹನಿ ಬಿದ್ದರೆ ಕೆಲವು ಗಂಟೆ ಎಲ್ಲವೂ ಮಬ್ಬು ಮಬ್ಬು. ಬಿಳಿ ಕೋಟು ಬಿಚ್ಚಿ, ನನ್ನ ದಪ್ಪ ಕನ್ನಡಕದ ಬದಲು ಕಪ್ಪು ಕನ್ನಡಕ ಏರಿಸಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತೆ.

ಪಕ್ಕದಲ್ಲಿ ಒಬ್ಬ ಅಜ್ಜಿ. ಮಾತೆಲ್ಲ ತಮಿಳಿನಲ್ಲಿ. "ಯಾವ ಡಾಕ್ಟ್ರಮ್ಮಾ ನಿನಗೆ?" ಎಂದರು. ಏನು ಹೇಳಬೇಕೆಂದು ತೋಚದೆ ನನ್ನ ಹೆಸರನ್ನೇ ಹೇಳಿದೆ.

"ಅಯ್ಯೋ, ನನಗೂ ಅವಳೇ! ನಾಳೆ ಆಪರೇಷನ್ನು. ನಾನಿನ್ನೂ ಅವಳನ್ನ ನೋಡಿಲ್ಲ, ಚಿಕ್ಕ ಡಾಕ್ಟ್ರೇ ಪರೀಕ್ಷೆ ಮಾಡಿದ್ದು. ಸೋಡಾಬುಡ್ಡಿ ಕನ್ನಡಕವಂತೆ ಅವಳದ್ದು. ಕಣ್ಣಿನ ಡಾಕ್ಟ್ರಿಗೇ ಕಣ್ಣು ನೆಟ್ಟಗಿಲ್ಲ ಅಂದ್ರೆ ನಮ್ಮ ಗತಿ?"

"ನಿಜ ಅಜ್ಜಿ" ಎಂದೆ. ಸುಳ್ಳೇನೂ ಅಲ್ಲ.

ಸ್ವಲ್ಪ ಹೊತ್ತಿಗೆ ನಾನು ಎದ್ದು, ಗೋಡೆ ತಡವುತ್ತ ಬಚ್ಚಲ ಬಾಗಿಲು ಹುಡುಕುತ್ತಿದ್ದೆ. ಅಜ್ಜಿ ನೋಡಿ ಎದ್ದು ಬಂದರು. ಇರುವ ಒಂದು ಒಳ್ಳೆ ಕಣ್ಣಿನಿಂದ ದಾರಿ ನೋಡಿಕೊಂಡು, ನನ್ನ ಕೈ ಹಿಡಿದು ಅಲ್ಲಿಯವರೆಗೆ ಬಿಟ್ಟು, ಹೊರಗೆ ಕಾದು ನಿಂತು, ಪುನಃ ಬೆಂಚಿಗೆ ತಂದು ಕೂರಿಸಿದರು. ಹೊರಡುವಾಗ ನನಗಾಗಿ ದೇವರಲ್ಲಿ ಬೇಡಿಕೊಳ್ಳುತ್ತೇನೆ ಎಂದರು.

ಮರುದಿನ ಆಪರೇಷನ್ ಥಿಯೇಟರ್. ಅಜ್ಜಿ ಮೇಜಿನ ಮೇಲೆ ಮಲಗಿದ್ದಾರೆ, ಪೂರ್ತಿ ಎಚ್ಚರವಿದೆ. ನಾನು ಮಾಸ್ಕ್ ಹಾಕಿಕೊಂಡು ಬಂದು, "ಹೆದರಬೇಡಿ ಅಜ್ಜಿ, ಈಗ ಶುರು ಮಾಡೋಣ" ಎಂದೆ.

ಅಜ್ಜಿ ನರ್ಸಿನ ಕೈಯನ್ನು ಗಪ್ಪನೆ ಹಿಡಿದುಕೊಂಡರು. "ಈ ದನಿ ನನಗೆ ಗೊತ್ತು! ಇವಳು ನಿನ್ನೆ ನನ್ನ ಪಕ್ಕದಲ್ಲಿ ಕೂತಿದ್ದ ರೋಗಿ. ಪಾಪ, ಬಚ್ಚಲಿಗೂ ನಾನೇ ಕೈ ಹಿಡಿದು ಕರ್ಕೊಂಡು ಹೋದೆ. ಇವಳನ್ನ ಯಾರು ಒಳಗೆ ಬಿಟ್ಟದ್ದು?"

ನರ್ಸು ಹೇಳಿದರು, ನಾನು ಹೇಳಿದೆ, ಅರಿವಳಿಕೆ ಡಾಕ್ಟರು ಆಣೆ ಹಾಕಿದರು. ಅಜ್ಜಿ ಜಗ್ಗಲಿಲ್ಲ. ಕೊನೆಗೆ ಹಸಿರು ಬಟ್ಟೆಯ ಒಳಗಿನಿಂದ ಒಂದು ಕೈ ಮೇಲೆದ್ದಿತು.

"ಇದೆಷ್ಟು ಬೆರಳು?"

"ಮೂರು."

"ಸರಿ. ಶುರು ಮಾಡು."

೩. ಮಣಲಿಯ ಮೇಸ್ತ್ರಿ

ಸಕ್ಕರೆ ಕಾಯಿಲೆಯಿಂದ ರೆಟಿನಾದಲ್ಲಿ ರಕ್ತದ ಚುಕ್ಕೆಗಳೇಳುತ್ತವೆ. ಫೋಟೊ ತೆಗೆದ ಕೂಡಲೇ ಆ ಚುಕ್ಕೆಗಳನ್ನು ಹುಡುಕಿಕೊಡುವ ಕಂಪ್ಯೂಟರ್ ಪ್ರೋಗ್ರಾಂ ಒಂದನ್ನು ನಮ್ಮ ತಂಡ ವರ್ಷಗಟ್ಟಲೆ ಕೂತು ತಯಾರಿಸಿತ್ತು. ಚುಕ್ಕೆ ಇದ್ದರೆ ಕೆಂಪು ದೀಪ, ಇಲ್ಲದಿದ್ದರೆ ಹಸಿರು. ಮೊದಲ ಸಾರ್ವಜನಿಕ ಪರೀಕ್ಷೆ ಚೆನ್ನೈ ಅಂಚಿನ ಮಣಲಿಯ ಒಂದು ಕಾರ್ಖಾನೆಯಲ್ಲಿ. ನಮಗೆ ಹಣ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವ ದೊಡ್ಡವರೆಲ್ಲ ಕೈ ಕಟ್ಟಿ ನಿಂತಿದ್ದರು.

ಮೊದಲು ಬಂದವರು ಒಬ್ಬ ವಯಸ್ಸಾದ ಮೇಸ್ತ್ರಿ. ಎಡಗಣ್ಣಿನ ಫೋಟೊ ತೆಗೆದೆವು. ಕೆಂಪು. ಕೂಡಲೇ ಆಸ್ಪತ್ರೆಗೆ ಬರಬೇಕು ಎಂದು ಪರದೆಯ ಮೇಲೆ ಬಂತು. ಬಲಗಣ್ಣು? ಹಸಿರು. ಅತ್ಯುತ್ತಮವಾಗಿದೆ, ಒಂದು ವರ್ಷ ಬಿಟ್ಟು ಬನ್ನಿ. ದೊಡ್ಡವರು ಚಪ್ಪಾಳೆ ತಟ್ಟಿದರು.

ಮೇಸ್ತ್ರಿ ಬಲಗಣ್ಣನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರು. ಟಕ್ ಟಕ್ ಎಂದಿತು.

"ಇದು ಕಲ್ಲಿನ ಕಣ್ಣು ಮೇಡಂ" ಎಂದರು.

ಚಪ್ಪಾಳೆ ನಿಂತಿತು. ಕೃತಕ ಕಣ್ಣಿನಲ್ಲಿ ರಕ್ತದ ಚುಕ್ಕೆ ಎಲ್ಲಿಂದ ಬರಬೇಕು? ಪ್ರೋಗ್ರಾಂ ತನ್ನ ಲೆಕ್ಕದಲ್ಲಿ ಸರಿಯಾಗಿಯೇ ಹೇಳಿತ್ತು. ನಾನು ಅದನ್ನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಮೇಸ್ತ್ರಿಯೇ ಯೋಚಿಸಿ ಮುಗಿಸಿದ್ದರು.

"ಹಾಗಾದ್ರೆ ಒಂದು ಕೆಲಸ ಮಾಡಿ ಮೇಡಂ. ಎಡಗಡೆಗೂ ಇದನ್ನೇ ಹಾಕಿಬಿಡಿ."

೪. ತಗ್ಗಿದ ತಲೆ

ಎಗ್ಮೋರಿನ ರೈಲ್ವೆ ಕಚೇರಿಯಿಂದ ನಿವೃತ್ತರಾದ ಮೈಸೂರಿನ ಕಡೆಯ ಒಬ್ಬ ಯಜಮಾನರು. ಮಗಳ ಮದುವೆಗೆ ನಾಲ್ಕೇ ದಿನ ಇರುವಾಗ ಅವರ ರೆಟಿನಾ ಕಳಚಿಕೊಂಡಿತು. ತಕ್ಷಣ ಆಪರೇಷನ್ ಮಾಡಿ ಕಣ್ಣೊಳಗೆ ಗ್ಯಾಸ್ ತುಂಬಿದೆ. ಗ್ಯಾಸಿನ ಗುಳ್ಳೆ ಮೇಲಕ್ಕೇರುತ್ತದೆ. ಮುಖವನ್ನು ನೆಲಕ್ಕೆ ಮಾಡಿಟ್ಟರೆ ಅದು ಹಿಂದಿನ ಪರದೆಯನ್ನು ಒತ್ತಿ ಹಿಡಿದು ಅಂಟಿಸುತ್ತದೆ.

"ಒಂದು ವಾರ ತಲೆ ಎತ್ತಬಾರದು. ಎತ್ತಿದರೆ ಕಣ್ಣು ಹೋದ ಹಾಗೆ. ಮದುವೆ ಮುಂದೆ ಹಾಕಿ" ಎಂದೆ.

"ಅದೊಂದು ಆಗಲ್ಲ ಮೇಡಂ. ತಲೆ ಎತ್ತಲ್ಲ, ನಿಮ್ಮಾಣೆ" ಎಂದರು.

ನನಗೆ ಸಮಾಧಾನವಾಗದೆ ಮದುವೆಗೆ ಹೋದೆ. ಯಜಮಾನರು ಕಲ್ಯಾಣ ಮಂಟಪದ ಬಾಗಿಲಲ್ಲಿ ಕೈ ಮುಗಿದು, ಗಲ್ಲ ಎದೆಗೆ ತಾಗಿಸಿ ನಿಂತಿದ್ದರು. ಚಪ್ಪಲಿ ನೋಡಿ ನೆಂಟರನ್ನು ಸ್ವಾಗತಿಸುತ್ತಿದ್ದರು. ಗಂಡಿನ ಕಡೆಯವರು ಎಂಥ ವಿನಯವಂತ ಬೀಗರು ಎಂದು ಕರಗಿಹೋದರು. ಅವರಿಗಿಂತ ಚಿಕ್ಕವರೆಲ್ಲ ಆ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿ ಊಟದ ಕಡೆ ನಡೆದರು. ಮಿರಮಿರ ಮಿಂಚುವ ಬೂಟಿನ ಒಬ್ಬರಂತೂ ಎದುರು ಬಹಳ ಹೊತ್ತು ನಿಂತು, ಕಣ್ಣೊರೆಸಿಕೊಂಡು, ಬೆನ್ನು ತಟ್ಟಿ ಒಳಗೆ ಹೋದರು.

ಅಳಿಯನ ಕಾಲು ತೊಳೆಯುವ ಹೊತ್ತು ಬಂತು. ಇದೊಂದಕ್ಕೆ ತಲೆ ತಗ್ಗಿಸಿರುವುದೇ ಅನುಕೂಲ ಎಂದುಕೊಂಡೆ. ಅಷ್ಟರಲ್ಲಿ ವಿಡಿಯೋದವನು ಹತ್ತಿರದಿಂದ ಹಿಡಿಯಲು ಬರಿಗಾಲಲ್ಲಿ ಮುಂದೆ ಬಂದ. ಯಜಮಾನರು ಆ ಕಾಲುಗಳನ್ನೇ ಭಕ್ತಿಯಿಂದ ತಟ್ಟೆಗೆ ಎಳೆದುಕೊಂಡರು. ಅವರ ಹೆಂಡತಿ ಯಾರೊಡನೆಯೋ ಮಾತಾಡುತ್ತಲೇ ನೀರು ಸುರಿದರು. ಪುರೋಹಿತರು ಪುಸ್ತಕದಿಂದ ಕಣ್ಣು ತೆಗೆಯದೆ ಮಂತ್ರ ಹೇಳಿದರು. ವಿಡಿಯೋದವನು ಗಾಬರಿಯಲ್ಲಿ ತನ್ನ ಕಾಲನ್ನೇ ಹಿಡಿಯುತ್ತಿದ್ದ, ಕ್ಯಾಮೆರಾದಲ್ಲಿ.

"ಅಪ್ಪಾ, ಅವರಲ್ಲ!" ಎಂದು ಮದುಮಗಳು ಕೂಗಿದಳು.

ಯಜಮಾನರು ತಲೆ ಎತ್ತಲಿಲ್ಲ. "ಹಾಗಾದ್ರೆ ಯಾರಾದ್ರೂ ಅಳಿಯಂದಿರ ಕಾಲು ಇಲ್ಲಿ ತಂದುಕೊಡಿ" ಎಂದರು.

ವಾರ ಕಳೆದು ಅವರು ನನ್ನೆದುರು ಕೂತು ತಲೆ ಎತ್ತಿದರು. ರೆಟಿನಾ ಗಟ್ಟಿಯಾಗಿ ಅಂಟಿಕೊಂಡಿತ್ತು. ನನಗೆ ಖುಷಿ, ಅವರ ಮುಖ ಮಾತ್ರ ಗಂಟು.

"ಮೇಡಂ, ಬಾಗಿಲಲ್ಲಿ ಬೂಟು ಹಾಕ್ಕೊಂಡು ನಿಂತಿದ್ದವನು ನನ್ನ ಷಡ್ಡಕ. ಜಮೀನಿನ ಜಗಳದಲ್ಲಿ ಇಬ್ಬರೂ ಮಾತು ಬಿಟ್ಟು ವರ್ಷಗಳಾಯ್ತು. ತಪ್ಪು ಅವನದ್ದೇ. ಈಗ ನಾನು ತಲೆ ಬಾಗಿಸಿ ಕ್ಷಮೆ ಕೇಳ್ದೆ ಅಂತ ನೆಂಟರಿಗೆಲ್ಲ ಫೋನ್ ಮಾಡಿ ಹೇಳ್ತಿದ್ದಾನೆ. ನೀವೊಂದು ಸರ್ಟಿಫಿಕೇಟ್ ಕೊಡಲೇಬೇಕು."

ಎಷ್ಟೋ ಸಂಶೋಧನಾ ಪ್ರಬಂಧ ಬರೆದಿದ್ದೇನೆ. ಯಾವುದಕ್ಕೂ ಇಷ್ಟು ಎಚ್ಚರದಿಂದ ಪದ ಆರಿಸಿದವಳಲ್ಲ. ಆಸ್ಪತ್ರೆಯ ಲೆಟರ್‌ಹೆಡ್ಡಿನಲ್ಲಿ ಬರೆದು, ಸಹಿ ಮಾಡಿ, ಸೀಲು ಒತ್ತಿ ಕೊಟ್ಟೆ:

"ಸದರಿಯವರು ತಲೆ ತಗ್ಗಿಸಿದ್ದು ಗ್ಯಾಸಿನ ಕಾರಣದಿಂದಲೇ ಹೊರತು ಪಶ್ಚಾತ್ತಾಪದಿಂದಲ್ಲ."