ಕರೆಂಟಿನ ಕಾರು ಖಾನಾಪುರಕ್ಕೆ ಹೋದದ್ದು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದದ್ದು ಒಂದು ವಾಂತಿ.

ಬೆಳಗಾವಿಯ ಖಾಸಬಾಗದ ಸೀರೆ ವ್ಯಾಪಾರಿ ಜಿನಪಾಲನಿಗೆ ಸ್ಕೂಟರ್ ಸಾಕಾಗಿ ಒಂದು ಸಣ್ಣ ಕಾರು ಬೇಕಾಗಿತ್ತು. ದಿನಾ ವಡಗಾವಿಯ ನೇಕಾರರ ಓಣಿಗಳಲ್ಲಿ ನುಸುಳಬೇಕು, ರಾಮತೀರ್ಥ ನಗರದ ಗಿರಾಕಿಗಳ ಮನೆ ಮುಟ್ಟಬೇಕು, ಅಷ್ಟೇ ಅವನ ಆಸೆ. ಓಣಿಯವರೆಲ್ಲ ಸೇರಿ ಅವನ ಪರವಾಗಿ ಒಂದು ಪೆಟ್ರೋಲ್ ಗಾಡಿಯನ್ನು ಆರಿಸಿಯೂ ಬಿಟ್ಟಿದ್ದರು. ಅದರಲ್ಲಿ ತಾಯಿ ಸುಂದರಾಬಾಯಿಯನ್ನು ಕೂರಿಸಿಕೊಂಡು ಒಂದು ಸುತ್ತು ಹೊರಟರೆ, ಅರ್ಧ ದಾರಿಯಲ್ಲೇ ಪೆಟ್ರೋಲಿನ ವಾಸನೆಗೆ ಮುದುಕಿಯ ಹೊಟ್ಟೆ ತೊಳಸಿ, ಉಂಡದ್ದೆಲ್ಲ ಷೋರೂಮಿನವರ ಹೊಸ ಸೀಟಿನ ಮೇಲೆ ಬಂತು. ಇಂಥ ವಾಸನೆಯ ಗಾಡಿ ಮನೆಗೆ ಬಂದರೆ ತಾನು ಮನೆ ಬಿಡುವುದಾಗಿ ಆಕೆ ಬಾಯಿ ಒರೆಸಿಕೊಳ್ಳುತ್ತಲೇ ಸಾರಿದಳು. ಸುಂದರಾಬಾಯಿ ಹ್ಞೂಂ ಅನ್ನದೆ ಆ ಮನೆಯೊಳಗೆ ಒಂದು ಕಸಬರಿಗೆಯೂ ಬರುತ್ತಿರಲಿಲ್ಲ, ಇನ್ನು ಕಾರೆಲ್ಲಿಂದ ಬಂದೀತು.

ಜಿನಪಾಲ ಮುಖ ಸಣ್ಣದು ಮಾಡಿಕೊಂಡು ತಿರುಗುತ್ತಿದ್ದಾಗ ಊರಿಗೆ ಕರೆಂಟಿನ ಕಾರು ಬಂತು. ಬೆಂಗಳೂರಿನಲ್ಲಿ ಆಗಷ್ಟೇ ತಯಾರಾಗತೊಡಗಿದ್ದ ಗಾಡಿ ಅದು. ಎರಡೇ ಬಾಗಿಲು, ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು ಕೂರುವಷ್ಟು ಜಾಗ. ರಾತ್ರಿ ಮನೆಯ ಗೋಡೆಗೆ ವಯರು ಚುಚ್ಚಿ ಮಲಗಿದರೆ ಬೆಳಗ್ಗೆ ಗಾಡಿ ತಯಾರು. ಪೆಟ್ರೋಲಿಲ್ಲ, ಹೊಗೆಯಿಲ್ಲ, ವಾಸನೆಯಂತೂ ಇಲ್ಲವೇ ಇಲ್ಲ. ಊರಿನೊಳಗಿನ ಖಾನಾಪುರ ರಸ್ತೆಯ ಗಾಡಿ ವ್ಯಾಪಾರಿ ಈರಯ್ಯ ಧೈರ್ಯ ಮಾಡಿ ಒಂದೇ ಒಂದನ್ನು ತರಿಸಿ ನಿಲ್ಲಿಸಿದ್ದ. ಜಿನಪಾಲ ಅದನ್ನು ನೋಡಿ, ಕನ್ಯೆ ನೋಡಲು ಹೋದವನಂತೆ ನಾಚಿಕೊಂಡು, ಸುತ್ತಲೂ ತಿರುಗಿ, ಅಲ್ಲೇ ಮನಸ್ಸು ಕೊಟ್ಟುಬಿಟ್ಟ.

ಈರಯ್ಯ ಕಡ್ಡಿ ಮುರಿದಂತೆ ಹೇಳಿದ. ಇನ್ನೊಂದು ಗಾಡಿ ಯಾವಾಗ ಬರುತ್ತದೋ ದೇವರೇ ಬಲ್ಲ. ಒಂದು ದಿನ ಓಡಿಸಿ ನೋಡಲು ಅಡ್ಡಿಯಿಲ್ಲ, ಆದರೆ ಯಾರು ಮೊದಲು ಹ್ಞೂಂ ಅನ್ನುತ್ತಾರೋ ಗಾಡಿ ಅವರದು.

ಮನೆಗೆ ಬಂದು ವಿಷಯ ತೆಗೆದಾಗ ಸುಂದರಾಬಾಯಿ ತನ್ನ ಪರೀಕ್ಷೆಯನ್ನು ಮುಂದಿಟ್ಟಳು. ಜೈನರ ಮನೆಯ ಹಿರಿಯಳಾದ ಆಕೆಗೊಂದು ನೇಮವಿತ್ತು. ತನ್ನ ಮನೆಯ ಒಲೆಯ ಮೇಲೆ, ತನ್ನ ಬಟ್ಟೆಯಲ್ಲಿ ಸೋಸಿದ ನೀರಿನಿಂದಾದ ಅಡುಗೆಯನ್ನಷ್ಟೇ ಉಣ್ಣಬೇಕು. ಅದೂ ಹೊತ್ತು ಮುಳುಗುವುದರೊಳಗೆ. ಸೂರ್ಯ ಇಳಿದನೆಂದರೆ ಮರುದಿನ ಬೆಳಗಿನವರೆಗೆ ಉಪವಾಸ. ಈ ನೇಮದ ದೆಸೆಯಿಂದಲೂ ಬಸ್ಸಿನ ವಾಸನೆಯ ದೆಸೆಯಿಂದಲೂ ಖಾನಾಪುರದ ತವರುಮನೆಯನ್ನು ಕಾಣದೆ ಆಕೆಗೆ ವರ್ಷಗಳಾಗಿದ್ದವು.

"ನನ್ನ ತವರಮನಿಗೆ ಕರಕೊಂಡ ಹೋಗು. ಹೊತ್ತು ಮುಣಗೂದ್ರಾಗ ತಂದು ನನ್ನ ತಾಟಿನ ಮುಂದ ಕುಂದರ್ಸು. ಗಾಡಿ ತೊಗೋ," ಎಂದಳು ಸುಂದರಾಬಾಯಿ. "ಒಂದು ಹೊತ್ತು ನನ್ನ ಉಪಾಸ ಕೆಡವಿತಂದ್ರ ಅದು ನಮ್ಮ ಬಾಗಲಿಗೆ ಬರೂದು ಬ್ಯಾಡ."

ಖಾನಾಪುರವೇನು ಕಾಶಿಯೇ? ತಾಸಿನ ದಾರಿ. ಜಿನಪಾಲನಿಗೆ ಕುಣಿಯುವಂತಾಯಿತು.

ಮರುದಿನ ಬೆಳಗ್ಗೆ ಗಾಡಿ ತಂದು ಮನೆಯ ಮುಂದೆ ನಿಲ್ಲಿಸಿದ್ದೇ ತಪ್ಪಾಯಿತು. ಪಕ್ಕದ ಮನೆಯ ಲಕ್ಷ್ಮಪ್ಪ ಹಲ್ಲುಜ್ಜುತ್ತಲೇ ಓಡಿ ಬಂದ. ಈ ಲಕ್ಷ್ಮಪ್ಪ ಜನ್ಮದಲ್ಲಿ ಸೈಕಲ್ಲನ್ನೂ ತುಳಿದವನಲ್ಲ, ಆದರೆ ಓಣಿಯಲ್ಲಿ ಯಾರದೇ ಗಾಡಿ ಕೆಟ್ಟರೂ ಮೊದಲ ಸಲಹೆ ಅವನದು. ಇಂಜಿನ್ನೇ ಇಲ್ಲದ್ದು ಗಾಡಿ ಹೇಗಾಗುತ್ತದೆಂದು ಅವನು ಅನುಮಾನಪಟ್ಟ. ಅನುಮಾನ ಕಳೆಯಲು ಜಿನಪಾಲ ಅವನನ್ನು ವಡಗಾವಿಯವರೆಗೆ ಸುತ್ತಾಡಿಸಿಕೊಂಡು ಬಂದ. ಅದನ್ನು ಕಂಡು ಎದುರು ಮನೆಯ ಪ್ರಮಿಳಾ ಟೀಚರಿಗೆ ಸಾಲೆಯವರೆಗೆ ಹೋಗಬೇಕೆನಿಸಿತು. ಆಮೇಲೆ ಹಿಟ್ಟಿನ ಗಿರಣಿಯ ಮಾಯಕ್ಕ, ಅವಳ ತಂಗಿ, ತಂಗಿಯ ಮಕ್ಕಳು. ಯಾರಿಗೂ ಇಲ್ಲವೆನ್ನಲು ಜಿನಪಾಲನಿಗೆ ಬಾಯಿ ಬರಲಿಲ್ಲ. ಅವರು ಇಳಿದು ಆಡುವ ಹೊಗಳಿಕೆ ತಾಯಿಯ ಕಿವಿಗೆ ಬೀಳಲಿ ಎಂಬುದು ಅವನ ಲೆಕ್ಕ. ಲಕ್ಷ್ಮಪ್ಪನಂತೂ ತಂಪು ಗಾಳಿಯ ಗುಂಡಿ ಒತ್ತಿ, ಗಾಜು ಏರಿಸಿ, ನಿಂತ ಗಾಡಿಯಲ್ಲಿ ಕಾಲು ಚಾಚಿ ಪೇಪರು ಓದಿದ.

ಮುಂಜಾನೆಯ ಊಟ ಮುಗಿಸಿ ಸುಂದರಾಬಾಯಿ ಹೊರಬಂದು ಗಾಡಿ ಹತ್ತುವ ಹೊತ್ತಿಗೆ ಚಾರ್ಜಿನ ಮುಳ್ಳು ಅರ್ಧಕ್ಕೆ ಬಂದಿತ್ತು. ಅದನ್ನು ಹೇಳಿದರೆ ತಾಯಿ ಇಳಿದುಬಿಡುತ್ತಾಳೆ. ಜಿನಪಾಲ ಅಡುಗೆಮನೆಯಲ್ಲಿದ್ದ ಹೆಂಡತಿ ಬ್ರಾಹ್ಮಿಗೆ ಸಂಜೆಯ ಅಡುಗೆ ಲಗೂನೆ ಮಾಡಿಡಲು ಕೂಗಿ ಹೇಳಿ ಗಾಡಿ ಬಿಟ್ಟ. ದಾರಿಯಲ್ಲಿ ಏನಾದರೂ ಆದರೆ ತಿಳಿದವರೊಬ್ಬರು ಇರಲೆಂದು ಲಕ್ಷ್ಮಪ್ಪ ಆಗಲೇ ಮಕ್ಕಳ ಜಾಗದಲ್ಲಿ ತುರುಕಿಕೊಂಡಿದ್ದ. ಅವನ ಮೊಣಕಾಲುಗಳು ಅವನ ಗದ್ದಕ್ಕೆ ತಾಗುತ್ತಿದ್ದವು.

ದಾರಿಯುದ್ದಕ್ಕೂ ಸುಂದರಾಬಾಯಿ ಹಿಗ್ಗಿ ಹೀರೇಕಾಯಿಯಾಗಿದ್ದಳು. ಹೊಟ್ಟೆ ತೊಳಸಲಿಲ್ಲ, ತಲೆ ತಿರುಗಲಿಲ್ಲ. ಕಿಟಕಿಯಿಂದ ಮುಖ ಹೊರಹಾಕಿ ಗದ್ದೆ, ಗುಡ್ಡ, ಯಾರದೋ ಮನೆಯ ಹೊಸ ಹಂಚು, ಎಲ್ಲವನ್ನೂ ಹೆಸರು ಹಿಡಿದು ಮಾತಾಡಿಸಿದಳು. ದೇಸೂರು ದಾಟಿದ ಮೇಲೆ ರಸ್ತೆಗೆ ಅಡ್ಡವಾಗಿ ಎಮ್ಮೆಗಳು ಸಿಕ್ಕವು. ಸದ್ದೇ ಇಲ್ಲದ ಗಾಡಿಗೆ ಎಮ್ಮೆ ದಾರಿ ಬಿಡುತ್ತದೆಯೇ? ಹಾರ್ನ್ ಹೊಡೆದರೆ ಚಾರ್ಜ್ ಇಳಿದೀತೆಂದು ಜಿನಪಾಲ ತಲೆ ಹೊರಗೆ ಹಾಕಿ ತಾನೇ ಹೋ ಹೋ ಎಂದು ಕೂಗಿದ. ಹಿಂದಿನಿಂದ ಲಕ್ಷ್ಮಪ್ಪ ದನಿಗೂಡಿಸಿದ.

ಖಾನಾಪುರ ಮುಟ್ಟಿದಾಗ ಮುಳ್ಳು ನೆಲ ಕಚ್ಚಿತ್ತು. ಅಲ್ಲಿ ಸೋದರಮಾವನ ಮಗ ಅನೇಕಾಂತನ ಮನೆ, ಮನೆಯ ಹಿಂದೆ ಅವನದೇ ಹಂಚಿನ ಕಾರ್ಖಾನೆ. ವ್ಯಾಪಾರಕ್ಕೆಂದು ದಿನ ಬೆಳಗಾದರೆ ಬೆಳಗಾವಿಗೆ ಹೋಗಿ ಬರುವ ಮನುಷ್ಯ. ತಾಯಿ ಒಳಗೆ ನಾದಿನಿಯ ಜೊತೆ ಮಾತಿಗೆ ಕೂತದ್ದೇ ತಡ, ಜಿನಪಾಲ ವಯರು ಹಿಡಿದುಕೊಂಡು ಗೋಡೆಗೋಡೆ ತಡಕಾಡಿದ. ಕರೆಂಟು ಬೆಳಗ್ಗೆಯೇ ಹೋಗಿತ್ತು, ಸಂಜೆಯ ತನಕ ಬರುವುದಿಲ್ಲವೆಂದು ಊರಿಗೆಲ್ಲ ಗೊತ್ತಿತ್ತು.

"ಯಾಕಪಾ, ಗಾಡಿ ನಿಂತಹೋತೇನು?" ಎಂದ ಅನೇಕಾಂತ, ಮೀಸೆಯೊಳಗೆ ನಗುತ್ತ. ಚಿಕ್ಕಂದಿನಿಂದ ಜಿನಪಾಲ ಕೊಂಡದ್ದೆಲ್ಲದರಲ್ಲಿ ಹುಳುಕು ಹುಡುಕಿದವನು ಅವನು.

ಅಷ್ಟರಲ್ಲಿ ಸುಂದರಾಬಾಯಿ ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದಳು.

"ನಿಲ್ಲೂದೆಲ್ಲಿ ಬಂತು? ನಿನಗ ತೋರಸಾಕಂತ ತಂದೀನಿ," ಎಂದುಬಿಟ್ಟ ಜಿನಪಾಲ. "ನಿನ್ನ ಜನರೇಟರಿಗೆ ಹಚ್ಚು, ಹೆಂಗ ಕುಡಿತೈತಿ ನೋಡಿಯಂತ."

ಅಂದಮೇಲೆ ತೋರಿಸಲೇಬೇಕಾಯಿತು. ಗಾಡಿಯನ್ನು ಕಾರ್ಖಾನೆಯ ಅಂಗಳಕ್ಕೆ ಉರುಳಿಸಿ, ಜನರೇಟರು ಶುರುಮಾಡಿ, ವಯರು ಹಚ್ಚಿದರು. ಜನರೇಟರು ಧಡಧಡ ಎಂದು ಕರಿಹೊಗೆ ಉಗುಳತೊಡಗಿತು. ಆ ಹೊಗೆಯ ನಡುವೆ ನಿಂತು ಕೆಮ್ಮುತ್ತ ಜಿನಪಾಲ ತನ್ನ ಗಾಡಿಗೆ ಹೊಗೆಯೇ ಇಲ್ಲವೆಂದು ವಿವರಿಸಿದ. ಸದ್ದೂ ಇಲ್ಲವೆಂಬುದನ್ನು ಗಂಟಲು ಹರಿಯುವಂತೆ ಕೂಗಿ ಹೇಳಿದ. ಬ್ಯಾಟರಿ ತುಂಬುವ ತನಕ ಹೊತ್ತು ಕಳೆಯಬೇಕಿತ್ತು, ತಾಯಿಗೆ ಅನುಮಾನ ಬರಬಾರದಿತ್ತು. ಅದಕ್ಕೇ ಅವನು ಮಾತು ನಿಲ್ಲಿಸಲೇ ಇಲ್ಲ. ಗೇರಿಲ್ಲ, ಕ್ಲಚ್ಚಿಲ್ಲ, ಎಣ್ಣೆ ಬದಲಿಸುವ ಗೋಳಿಲ್ಲ. ಸಂತೆಯಲ್ಲಿ ಎರಡು ಬುಟ್ಟಿಗಳ ನಡುವೆ ನಿಲ್ಲಿಸಬಹುದು. ಸೀರೆ ವ್ಯಾಪಾರಿಯ ನಾಲಿಗೆ, ಕೇಳಬೇಕೆ? ಒಂದೊಂದೇ ಗುಣವನ್ನು ಸೆರಗು ಬಿಚ್ಚಿ ಹಾಸಿದಂತೆ ಹಾಸಿದ. ಹಂಚು ಹೊರುವವರು ಕೆಲಸ ಬಿಟ್ಟು ಸುತ್ತ ನಿಂತು ತಲೆದೂಗಿದರು. ಲಕ್ಷ್ಮಪ್ಪ, ಬೆಳಗ್ಗೆ ಇಂಜಿನ್ನಿಲ್ಲವೆಂದು ಮೂಗು ಮುರಿದವನು, ಈಗ ಇಂಜಿನ್ನಿಲ್ಲದ್ದೇ ಅದರ ದೊಡ್ಡತನವೆಂದು ಸಾಧಿಸಿದ. ಉತ್ಸಾಹ ಏರಿ ಜಿನಪಾಲ ಕಿಸೆಯಲ್ಲಿದ್ದ ಈರಯ್ಯನ ಕಾರ್ಡನ್ನೂ ತೆಗೆದು ಅನೇಕಾಂತನ ಕೈಗಿಟ್ಟ. ಇಂಥವನೊಡನೆ ತನ್ನ ಪರಿಚಯವಿದೆ ಎಂದು ತೋರಿಸಬೇಡವೇ?

ಅನೇಕಾಂತ ಒಮ್ಮೆಯೂ ಹುಳುಕು ತೆಗೆಯಲಿಲ್ಲ. ಜಿನಪಾಲನಿಗೆ ಜನ್ಮ ಸಾರ್ಥಕವಾದಂತೆನಿಸಿತು.

ಬಿಸಿಲು ಇಳಿಯುತ್ತಿದ್ದಂತೆ ಹೊರಟರು. ಮುಳ್ಳು ಅರ್ಧಕ್ಕೂ ಬಂದಿರಲಿಲ್ಲ. ಭಾರ ಕಡಿಮೆಯಾಗಲೆಂದು ಜಿನಪಾಲ ಲಕ್ಷ್ಮಪ್ಪನನ್ನು ಕೈಮುಗಿದು ಬಸ್ಸಿಗೆ ಕಳಿಸಿದ. ಸುಂದರಾಬಾಯಿ ಎಡಗಡೆಗೆ ಸೂರ್ಯನನ್ನು ನೋಡುತ್ತ ಕೂತಳು, ಜಿನಪಾಲ ಮುಳ್ಳನ್ನು ನೋಡುತ್ತ ಕೂತ. ಎರಡೂ ಪೈಪೋಟಿಗೆ ಬಿದ್ದಂತೆ ಇಳಿಯುತ್ತಿದ್ದವು. ಊರು ಮುಟ್ಟಿ ಇನ್ನೇನು ಬದುಕಿದೆ ಅನ್ನುವಾಗ ರೈಲ್ವೆ ಗೇಟು ಬಿತ್ತು.

ಸುಂದರಾಬಾಯಿಯ ತುಟಿ ಬಿಗಿಯಿತು. ಸುತ್ತಲಿನ ಟೆಂಪೋ, ಲಾರಿಗಳು ನಿಂತಲ್ಲೇ ಗುರುಗುಟ್ಟಿ ಎಣ್ಣೆ ಕುಡಿಯುತ್ತಿದ್ದವು, ಇವರ ಗಾಡಿ ಮಾತ್ರ ನಿಂತಷ್ಟು ಹೊತ್ತೂ ಏನನ್ನೂ ಕುಡಿಯದೆ ತೆಪ್ಪಗಿತ್ತು. ಇದೊಂದು ಗುಣವನ್ನು ಖಾನಾಪುರದಲ್ಲಿ ಹೇಳುವುದು ಮರೆತೆನಲ್ಲ ಎಂದು ಅವನಿಗೆ ಆ ಸಂಕಟದಲ್ಲೂ ಚುರುಕ್ಕೆನಿಸಿತು. ರೈಲು ಹೋಯಿತು, ಗೇಟು ಎದ್ದಿತು. ಖಾಸಬಾಗದ ಮಾಳಿಗೆಗಳ ಮೇಲೆ ಇನ್ನೂ ಕೆಂಪು ಬಿಸಿಲು ಉಳಿದಿರುವಾಗಲೇ ಗಾಡಿ ಮನೆಯ ಮುಂದೆ ಬಂದು ನಿಂತಿತು. ಸುಂದರಾಬಾಯಿ ಕೈಕಾಲು ತೊಳೆದು ತಾಟಿನ ಮುಂದೆ ಕೂತಳು. ಬ್ರಾಹ್ಮಿ ಬಿಸಿ ರೊಟ್ಟಿ ಬಡಿಸಿದಳು. ಕೊನೆಯ ತುತ್ತು ಮುಗಿದಾಗಲೂ ಕಿಟಕಿಯಲ್ಲಿ ಬೆಳಕಿತ್ತು.

"ಗಾಡಿ ಭಾಳ ಛಲೋ ಐತಿ," ಎಂದಳು ಆಕೆ, ನೀರು ಕುಡಿದು. "ತೊಗೋ."

ಜಿನಪಾಲ ಅದೇ ಗಾಡಿಯಲ್ಲಿ, ಉಳಿದ ಚಾರ್ಜಿನಲ್ಲಿ, ಹಾರುತ್ತ ಈರಯ್ಯನ ಅಂಗಡಿಗೆ ಹೋದ. ಒಳಗೆ ಕಾಲಿಡುವ ಮೊದಲೇ ಹ್ಞೂಂ ಎಂದ. ಈರಯ್ಯ ಕೀಲಿ ತೆಗೆದುಕೊಂಡು, ಕುರ್ಚಿ ಎಳೆದು, ಅವನನ್ನು ಕೂರಿಸಿದ.

"ನೀವು ಖಾನಾಪುರ ಬಿಟ್ಟಗಳಿಗ್ಗೇ ಫೋನ್ ಬಂತ್ರಿ. ಅನೇಕಾಂತ ಅಂತ, ಹಂಚಿನ ಕಾರ್ಖಾನೀ ಅವರು. ನಾ ಬಾಯಿ ತೆರೆಯೂದೇ ಬೇಕಾಗಲಿಲ್ಲ, ಗಾಡಿಯ ಗುಣ ಎಲ್ಲಾ ಅವರೇ ನನಗ ಹೇಳಿದ್ರು. ಜಿನಪಾಲನ ಮಾತು ಕೇಳೇ ತೊಗೊಳ್ಳಾಕತ್ತೀನಿ ಅಂದ್ರು." ಈರಯ್ಯನಿಗೆ ನಿಜವಾಗಿಯೂ ಗೌರವ ಉಕ್ಕಿತ್ತು. ಮುಂದಿನ ಗಾಡಿ ಬಂದಾಗ ಮಾರುವ ಕೆಲಸಕ್ಕೆ ಜಿನಪಾಲ ಬರುತ್ತಾರೇನು ಎಂದೂ ಕೇಳಿದ.

ಖಾನಾಪುರ ರಸ್ತೆಯಿಂದ ಖಾಸಬಾಗದವರೆಗೆ ಜಿನಪಾಲ ನಡೆದೇ ಬಂದ. ಹೊಟ್ಟೆಯಲ್ಲಿ ಬೆಂಕಿ, ಕಣ್ಣಲ್ಲಿ ನೀರು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಉಣ್ಣುವಂತಿರಲಿಲ್ಲ, ಹಾಗಾಗಿ ಅವನಿಗೂ ಊಟವಿರಲಿಲ್ಲ. ತಾಯಿಯ ಮುಂದೆ ಅನೇಕಾಂತನ ಜಾತಕ ಬಿಚ್ಚಿಡಬೇಕೆಂದು ಬಾಗಿಲಿಗೆ ಬಂದರೆ, ಸುಂದರಾಬಾಯಿ ಆಗಷ್ಟೇ ಫೋನು ಕೆಳಗಿಡುತ್ತಿದ್ದಳು. ಮುಖದಲ್ಲಿ ಸಂತೋಷ ಹೊಳೆಯುತ್ತಿತ್ತು.

"ಅನೇಕಾಂತ ಎಲ್ಲಾ ಹೇಳಿದ. ನಮ್ಮವನೇ ತೊಗೊಂಡಾನಲ್ಲ, ಬಿಡು. ಇನ್ನ ಬೇಕಂದಾಗ ಅವನ ಗಾಡ್ಯಾಗ ನನ್ನ ತವರಮನಿ," ಎಂದಳು. "ಅಲ್ಲಿ ಕರೆಂಟಿಂದು ಭರೋಸಾ ಇಲ್ಲಂತ. ದಿನಾ ಮುಂಜಾನೆ ಬಂದು ನಮ್ಮಲ್ಲೇ ಹಚ್ಚು ಅಂದೀನಿ. ಅದು ತುಂಬೂತನಕಾ ಊರಾಗ ಅಡ್ಡಾಡಾಕ ಅವಂಗ ನಿನ್ನ ಸ್ಕೂಟರ್ ಕೊಟ್ಟಬಿಡು."

"ಮತ್ತ ನಾನು?" ಎಂದ ಜಿನಪಾಲ.

"ನೀನು ಅಂಗಡಿಗೆ ನಡಕೊಂತ ಹೋಗು," ಎಂದಳು ಸುಂದರಾಬಾಯಿ. "ಅದಕ್ಕೂ ಹೊಗಿ ಇಲ್ಲ, ಸಪ್ಪಳಿಲ್ಲ."