ಶ್ರೀಶೈಲ ತೋರಿಸುವ ಕನ್ನಡಕ

ಡಬ್ಬಿಯ ಮೇಲೆ ಏನು ಬರೆದಿರುತ್ತದೆ? ಈ ಒಂದು ಚಿಂತೆ ಗಂಗಾಂಬಿಕಾಳನ್ನು ಬಿಡದೆ ಕೊರೆಯುತ್ತಿತ್ತು. ಹಾಲು ಉಕ್ಕುವಾಗಲೂ ಅದೇ, ಕೂಸಿನ ಹಣೆ ಮುಟ್ಟಿ ಜ್ವರ ನೋಡುವಾಗಲೂ ಅದೇ. ಬನಹಟ್ಟಿಯ ಆ ಓಣಿಯಲ್ಲಿ ಪಾರ್ಸಲು ಮನೆ ಸೇರುವ ಮೊದಲೇ ಕಟ್ಟೆಯ ಮೇಲೆ ಕೂತವರು ಅದನ್ನು ಅಲ್ಲಾಡಿಸಿ, ಮೂಸಿ, ಒಳಗೇನಿದೆ ಎಂದು ತೀರ್ಪು ಕೊಟ್ಟಿರುತ್ತಿದ್ದರು. ಈ ಸಲದ ತೀರ್ಪು ಸರಿಯಾಗಿಬಿಟ್ಟರೆ ಮುಖ ಎಲ್ಲಿಡುವುದು?

ಆರಿಸಿ ಕೊಳ್ಳುವ ವಿದ್ಯೆಯಲ್ಲಿ ತನ್ನನ್ನು ಮೀರಿಸುವವರು ಇತ್ತ ಜಮಖಂಡಿ ಅತ್ತ ಮುಧೋಳದ ನಡುವೆ ಹುಟ್ಟಿಲ್ಲ ಎಂಬುದು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿದ ಗಂಗಾಳ ನಂಬಿಕೆ. ಕೂಸಿಗೆ ಹಾಲಿನ ಬಾಟಲಿ ಆರಿಸಲು ಅವಳು ಎಷ್ಟು ವಿಮರ್ಶೆ ಓದಿದಳೆಂದರೆ, ಬಾಟಲಿ ಬರುವಷ್ಟರಲ್ಲಿ ಕೂಸು ಲೋಟದಲ್ಲಿ ಕುಡಿಯಲು ಕಲಿತಿತ್ತು.

ಆ ಕೂಸು ಹುಟ್ಟಿದಂದಿನಿಂದ ಗಂಡ ಗುರುಸಿದ್ದನಿಗೂ ಅವಳಿಗೂ ನಡುವೆ ಕೂಸೇ ಮಲಗುತ್ತಿತ್ತು. ತೆಳ್ಳನೆಯ ಗೋಡೆಯಾಚೆ ಅತ್ತೆ ಇಂದ್ರವ್ವ. ದೊಡ್ಡವರ ಸಿನಿಮಾ ಒಂದನ್ನು ಇಬ್ಬರೂ ಗುಟ್ಟಾಗಿ ನೋಡೋಣವೆಂದು ಫೋನು ಹಚ್ಚಿದರೆ, ಹೆಸರು ಮೂಡುವ ಮೊದಲೇ ಆ ಬೆಳಕಿಗೆ ಕೂಸು ಚೀರಿ, ಗೋಡೆಯಾಚೆಯಿಂದ “ಹೊಟ್ಟಿಗೆ ಓಮದ ನೀರು ಕೊಡಬೇ” ಎಂಬ ಸಲಹೆ ಬರುತ್ತಿತ್ತು.

ಉಪಾಯ ಹೊಳೆದದ್ದು ಗುರುಸಿದ್ದನಿಗೆ. “ವಿಆರ್ ಕನ್ನಡಕ ಅಂತ ಬಂದಾವು. ಮಾರಿಗೆ ಕಟ್ಟಿಕೊಂಡ್ರ ಬೆಳಕು ಹೊರಗ ಬೀಳಂಗಿಲ್ಲ. ಸಿನಿಮಾದ ಮಂದಿ ಮಗ್ಗಲದಾಗ ಬಂದು ನಿಂತಂಗ ಕಾಣತಾರಂತ.”

“ಕನ್ನಡಕ ಒಂದು, ನಾವಿಬ್ಬರು.”

“ಪಾಳಿ ಹಚ್ಚೂಣು.”

“ನಿಮ್ಮ ಪಾಳಿ ಇದ್ದಾಗ ನಾ ಏನ್ ಮಾಡ್ಲಿ, ಬಾಗಲದಾಗ ಕುಂತು ಟಿಕೆಟ್ ಹರೀಲೇನು?”

ಹೀಗೆಂದರೂ, ಆರಿಸುವ ಕೆಲಸ ಬಂದಿತ್ತಲ್ಲ, ಗಂಗಾ ಸೆರಗು ಬಿಗಿದಳು. ದುಬಾರಿಯವು ಬೇಡ, ಫೋನನ್ನೇ ಹೊಟ್ಟೆಯಲ್ಲಿ ಸಿಗಿಸಿಕೊಳ್ಳುವ ಅಗ್ಗದ ಜಾತಿಯೇ ಸಾಕು. ಆದರೆ ಅದರಲ್ಲೂ ಒಂದು ಭಾರ, ಕುತ್ತಿಗೆ ಹಿಡಿಯುತ್ತದೆ. ಇನ್ನೊಂದರೊಳಗೆ ಗುರುಸಿದ್ದನ ದಪ್ಪ ಗಾಜಿನ ಚಾಳೀಸು ಹಿಡಿಸುವುದಿಲ್ಲ. ಮತ್ತೊಂದಕ್ಕೆ ಮೂಗಿನ ಸಂದಿಯಲ್ಲಿ ಬೆಳಕು ಸೋರುತ್ತದೆ, ಮತ್ತೆ ಕೂಸು, ಮತ್ತೆ ಓಮದ ನೀರು. ಕೊನೆಗೆ ಆರಿಸಿದ್ದಕ್ಕೆ ಮಸೂರ ಹಿಂದೆ ಮುಂದೆ ಸರಿಯುತ್ತಿತ್ತು. ನೆತ್ತಿಯ ಮೇಲೊಂದು ಗುಂಡಿ, ಒತ್ತಿದರೆ ಸಿನಿಮಾ ಶುರು. ಕೊಂಡವರಲ್ಲಿ ಒಬ್ಬನೇ ಒಬ್ಬ ಗೊಣಗಿದ್ದ: ಯಾರಾದರೂ ಫೋನು ಮಾಡಿದರೆ ಸಿನಿಮಾ ನಿಂತು, ಕರೆದವರ ಮುಖ ಕಣ್ಣಿಗೆ ರಾಚುತ್ತದೆ ಎಂದು. ಆ ಹೊತ್ತಿನಲ್ಲಿ ನಮಗೆ ಯಾರು ಫೋನು ಮಾಡುತ್ತಾರೆ ಎಂದು ಗಂಗಾ ಅವನನ್ನು ತಳ್ಳಿಹಾಕಿದ್ದಳು.

ಮುಂಜಾಗ್ರತೆಗೆ ಅತ್ತೆಗೂ ಒಂದು ಮಾತು ಹಾಕಿದಳು. “ಅತ್ತೀ, ಮನ್ಯಾಗ ಕುಂತ ಶ್ರೀಶೈಲ ತೋರಸೂ ಕನ್ನಡಕ ಬರತೈತ್ರಿ.”

ಅಲ್ಲಿಯೇ ಎಡವಿದ್ದು. ಪ್ರತಿ ವರ್ಷ ಯುಗಾದಿ ಹೊತ್ತಿಗೆ ಬರಿಗಾಲಲ್ಲಿ ಶ್ರೀಶೈಲಕ್ಕೆ ನಡೆಯುತ್ತಿದ್ದ ಇಂದ್ರವ್ವ ಈ ಸಲ ಮೊಣಕಾಲು ಹಿಡಿದು ಮನೆಯಲ್ಲೇ ಉಳಿದಿದ್ದಳು.

ಪಾರ್ಸಲು ಬಂತು. ಡಬ್ಬಿಯ ಮೇಲೆ ಏನೂ ಬರೆದಿರಲಿಲ್ಲ. ಗಂಗಾ ತನ್ನ ಹೆದರಿಕೆಗೆ ತಾನೇ ನಕ್ಕು, ಕೂಸನ್ನು ತೊಟ್ಟಿಲಿಗೆ ಹಾಕಿ, ಬಟ್ಟೆ ಒಗೆಯಲು ಕೂತಳು. ಗುರುಸಿದ್ದ ತಡೆಯಲಾರದೆ ತನ್ನ ಫೋನಿನಲ್ಲಿ ಆ ಸಿನಿಮಾ ಸಜ್ಜುಮಾಡಿ, ಕನ್ನಡಕದೊಳಗೆ ಸಿಗಿಸಿ, ಇನ್ನೇನು ಮುಖಕ್ಕೆ ಏರಿಸಬೇಕು, ಇಂದ್ರವ್ವ ಬಂದು ಕಸಿದುಕೊಂಡಳು.

“ವಿಭೂತಿ ಹಚ್ಚದ ಮುಟ್ಟತಿ ಏನಲೇ?”

ಆ ಮನೆಯಲ್ಲಿ ಹೊಸದೇನೇ ಬಂದರೂ ವಿಭೂತಿ ಹಚ್ಚಿಸಿಕೊಂಡು, ಮೊದಲು ಇಂದ್ರವ್ವನ ಸೇವೆ ಮಾಡಬೇಕು. ಮಿಕ್ಸರು ಮೊದಲು ಅರೆದದ್ದು ಆಕೆಯ ಚಟ್ನಿ. ಗುರುಸಿದ್ದನ ಬೈಕು ಮೊದಲು ಓಣಿ ಸುತ್ತಿಸಿದ್ದೂ ಆಕೆಯನ್ನೇ.

“ಯವ್ವಾ, ಅದು ಇನ್ನಾ ತಯಾರಿಲ್ಲ.”

“ಮಿಕ್ಸರ್ ತಂದಾಗೂ ಹಿಂಗ ಅಂದಿದ್ದಿ.”

ಗುರುಸಿದ್ದ ಹೆಂಡತಿಯ ಕಡೆ ಒಮ್ಮೆ ನೋಡಿದ. “ಮಹಾಲಿಂಗಪುರದಾಗ ಬೆಲ್ಲದ ಸವಾಲ್ ಐತಿ,” ಎಂದು ಹರಾಜಿನ ನೆವ ಹೇಳಿ ಬೈಕು ಹತ್ತಿ ಮಾಯವಾದ. ಅವನ ಫೋನು ಮಾತ್ರ ಕನ್ನಡಕದ ಹೊಟ್ಟೆಯಲ್ಲೇ ಉಳಿಯಿತು.

ಇಂದ್ರವ್ವ ಪಕ್ಕದ ಮನೆಯ ಅನಸವ್ವನನ್ನು ಕೂಗಿ ಕರೆದು, ಕನ್ನಡಕದ ಹಣೆಗೆ ಮೂರು ಬೆರಳು ಎಳೆದಳು. ನೋಡುವುದು ಕಣ್ಣಲ್ಲವೇ ಎಂದು ಒಳಗಿನ ಎರಡೂ ಮಸೂರಗಳಿಗೆ ಹೆಬ್ಬೆರಳಿನಿಂದ ದಪ್ಪಗೆ ಬಳಿದಳು. ಆ ಭಕ್ತಿಯಲ್ಲಿ ನೆತ್ತಿಯ ಗುಂಡಿ ಒತ್ತಿಹೋಯಿತು. ಕನ್ನಡಕ ಮುಖಕ್ಕೇರಿತು.

“ಏನ್ ಕಾಣತೈತಿ ಇಂದ್ರಕ್ಕ?”

“ಬರೇ ಮಂಜು. ಮುಂಜಾನಿ ಅಲ್ಲಿ ಹಿಂಗ ಇರತೈತಿ.”

“ಯಾರೋ ತೇಕಾಕತ್ತಾರಲ್ಲ?”

“ಗುಡ್ಡಾ ಏರಾಕತ್ತಾರ. ಭೀಮನಕೊಳ್ಳದ ಏರು ಅಂದ್ರ ಸಾದಾ ಅಲ್ಲ. ಎಂಥಾ ಗಟ್ಟಿ ಮಂದಿಗೂ ದಮ್ಮು ಹತ್ತತೈತಿ.”

“ಹೆಣಮಗಳ ದನಿನೂ ಐತಿ.”

“ಗಂಡಾ ಹೇಣ್ತಿ ಇರಬೇಕು. ಪಾಪ, ಭಾಳ ದಣದಾರ.”

ಗಂಗಾ ಸಾಬೂನಿನ ಕೈಯಲ್ಲೇ ಓಡಿ ಬಂದಳು. “ಅತ್ತೀ, ತೆಗೀರಿ, ಕಣ್ಣು ನೊಯ್ತಾವ.”

“ತಡಿಬೇ. ಇನ್ನ ಶಿಖರ ಕಾಣತೈತಿ. ಈ ಮಂಜೊಂದು ಸರೀಲಿ.” ಇಂದ್ರವ್ವ ಕನ್ನಡಕವನ್ನು ತುಸು ಎತ್ತಿ, ಸೆರಗಿನ ತುದಿಯನ್ನು ಒಳಗೆ ತೂರಿಸಿ, ಮಸೂರಗಳನ್ನು ತಿಕ್ಕತೊಡಗಿದಳು.

ಗೊಣಗಿದ್ದ ಆ ಪುಣ್ಯಾತ್ಮ ಗಂಗಾಳಿಗೆ ಆಗ ನೆನಪಾದ. ಫೋನು ಬಂದರೆ ಸಿನಿಮಾ ನಿಲ್ಲುತ್ತದೆ. ತನ್ನ ಫೋನು ಹಿಡಿದು ಗಂಡನ ಹೆಸರು ಒತ್ತಿದಳು. ಒದ್ದೆ ಬೆರಳಿಗೆ ಅದು ಮಿಸುಕಲಿಲ್ಲ. ಸೀರೆಗೆ ಒರೆಸಿ ಒತ್ತಿದಳು, ಜಾರಿತು. ಅತ್ತ ಕನ್ನಡಕ ಮತ್ತೆ ಮುಖಕ್ಕೇರಿತು. ಇಂದ್ರವ್ವನ ಬಾಯಿ ತೆರೆದದ್ದು ತೆರೆದೇ ಇತ್ತು. ಮೂರನೆಯ ಸಲಕ್ಕೆ ಕರೆ ಹೋಯಿತು.

ಅತ್ತೆಯ ಮುಖದ ಮೇಲೆಯೇ ಫೋನು ಗಣಗಣಿಸಿತು. ಇಂದ್ರವ್ವ ನಿಧಾನವಾಗಿ ಕನ್ನಡಕ ಇಳಿಸಿದಳು. ಕಣ್ಣುಗಳ ಸುತ್ತ ವಿಭೂತಿಯ ಎರಡು ಬಿಳಿ ಉಂಗುರ.

“ಈಗ ನನ್ನ ಪಾಳಿ,” ಎಂದು ಅನಸವ್ವ ಕೈಚಾಚಿದಳು.

“ಗುಡಿ ಬಾಗಲಾ ಹಾಕಿದ್ರು. ಮನಿಗೆ ನಡಿ ನೀ.”

ಅನಸವ್ವ ಮುಖ ಊದಿಸಿಕೊಂಡು ಹೊರಟಳು. ಅವಳು ಹೊಸ್ತಿಲು ದಾಟುವವರೆಗೂ ಇಂದ್ರವ್ವ ಅವಳ ಬೆನ್ನನ್ನೇ ಕಾಯ್ದಳು. ಫೋನು ಮಾತ್ರ ಬಡಿದುಕೊಳ್ಳುತ್ತಲೇ ಇತ್ತು.

“ಗಂಗಾ.”

“ಅತ್ತೀ.”

“ಯಾತ್ರಿಗೆ ನಡಿಯೋರು ಕಾಲಾಗ ಚಪ್ಪಲಿ ಹಾಕಂಗಿಲ್ಲ ಅನ್ನೂದು ಗೊತ್ತಿತ್ತು. ಮೈಮ್ಯಾಲ ಅರಬಿ ಬಟ್ಟಿನೂ ಹಾಕಂಗಿಲ್ಲ ಅನ್ನೂದು ಇವತ್ತ ನೋಡಿದ್ನಿ.”

ನೆಲ ಬಾಯಿಬಿಡಲಿ ಎಂದು ಗಂಗಾ ಫರಸಿಕಲ್ಲಿನ ಸಂದಿಯನ್ನೇ ನೋಡುತ್ತ ನಿಂತಳು.

“ಇವತ್ತಿನಿಂದ ಕೂಸಿನ ತೊಟ್ಟಲಾ ನನ್ನ ಖೋಲ್ಯಾಗ ಇಡು. ಖರೆ ಖರೆ ಗಂಡ ಮಗ್ಗಲದಾಗ ಇರೂಮುಂದ ಮಾರಿಗೆ ಡಬ್ಬಿ ಯಾಕ ಕಟಗೋತೀರಿ?” ಇಂದ್ರವ್ವ ಮೊಣಕಾಲು ಹಿಡಿದು ಎದ್ದು, ಕನ್ನಡಕವನ್ನು ಸೊಸೆಯ ಕೈಗೆ ಹಾಕಿದಳು. “ಮೊದಲ ಆ ಫೋನ್ ಬಂದ್ ಮಾಡು. ದೇವರ ಮಾರಿ ನೋಡೂಣು ಅಂತ ಕುಂತ್ರ, ನಿನ್ನ ಮಾರಿ ಗುಡ್ಡದಷ್ಟ ದೊಡ್ಡದಾಗಿ ಅಡ್ಡಬಿದ್ದು ಹೊಯ್ಕೊಳ್ಳಾಕತ್ತೈತಿ.”