ಗಜಲಕ್ಷ್ಮಿಯು ಗಿರಣಿಯ ಮುಂದೆ ನಿಂತ ಪ್ರಸಂಗ

ಮೊದಲಿಗೆ ಗ್ರೀಸಿಗೆ ವಂದಿಸುವೆನು. ಅದಿಲ್ಲದೆ ಈ ಲೋಕದಲ್ಲಿ ಯಾವುದೂ ತಿರುಗದು. ಬಳಿಕ, ಬೇಕಾದಾಗ ಎಂದೂ ಕೈಗೆ ಸಿಗದ, ಬೇಡವಾದಾಗ ತಪ್ಪದೆ ಕಾಲಿಗೆ ಎಡವುವ ಆ ಮಾಯಾವಿ ಹದಿನಾಲ್ಕರ ಸ್ಪ್ಯಾನರಿಗೆ ವಂದಿಸುವೆನು. ಕಡೆಯದಾಗಿ, ಗಾಡಿಯ ಕೆಳಗೆ ಅಂಗಾತ ಮಲಗಿದವನ ಕಣ್ಣಿಗೇ ಗುರಿಯಿಟ್ಟು ಬೀಳುವ ತುಕ್ಕಿನ ಪುಡಿಗೂ ಒಂದು ದೊಡ್ಡ ನಮಸ್ಕಾರ. ಈ ಮೂವರು ಪ್ರಸನ್ನರಾದರೆ ಕಥೆ ತಾನಾಗಿ ಉರುಳುತ್ತದೆ.

ಎಲೈ ಓದುಗ ಮಹಾಜನಗಳಿರಾ, ಜಂಬೂದ್ವೀಪದ ಭರತಖಂಡದಲ್ಲಿ, ಡಾಂಬರೆಲ್ಲ ಕಾಣೆಯಾಗಿ ರಸ್ತೆಯುಬ್ಬು ಮಾತ್ರ ಉಳಿದಿರುವ ಈ ಕಲಿಯುಗದಲ್ಲಿ, ಗದಗ ಪಟ್ಟಣದ ಗಾಣಿಗೇರ ಓಣಿಯಲ್ಲಿ, ಶಾಮಿಯಾನಾಧೀಶ್ವರನೂ, ಸಹಸ್ರಕುರ್ಚಿಪಾಲಕನೂ, ಗ್ರೀಸ್‌ಲಿಪ್ತಬಾಹುವೂ, ಯಾವ ಮೆಕ್ಯಾನಿಕ್ಕಿನ ಮಾತನ್ನೂ ಕಿವಿಗೆ ಹಾಕಿಕೊಳ್ಳದ ಧೀರೋದಾತ್ತನೂ ಆದ ಅಂದಾನೆಪ್ಪನೆಂಬ ವೀರನಿದ್ದನು. ಮದುವೆಗೆ ಪೆಂಡಾಲು ಹಾಕುವುದು ಅವನ ಕಸುಬು. ಪೆಂಡಾಲಿನ ಕಂಬಗಳನ್ನು ಹೊರುವವಳು ಗಜಲಕ್ಷ್ಮಿ. ಅವಳು ಅವನ ತಂದೆ ಮಿಲಿಟರಿ ಹರಾಜಿನಲ್ಲಿ ಹಿಡಿದ ಹಳೆಯ ಟ್ರಕ್ಕು. ನಾಲ್ಕೂ ಗಾಲಿಗೆ ಎಂಜಿನಿನ ಬಲವುಳ್ಳ ಚತುಶ್ಚಕ್ರಬಲೋಪೇತೆ, ಡೀಸೆಲ್‌ಪಾನಮತ್ತೆ, ಧೂಮೋದ್ಗಾರಕುಶಲೆ, ಮತ್ತು ಅಂದಾನೆಪ್ಪನಿಗಿಂತ ಎರಡು ವರ್ಷ ಹಿರಿಯಳು.

ಆ ಟ್ರಕ್ಕಿನ ಎಡಗಡೆಯ ಸೀಟಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕೂರುತ್ತಿದ್ದವಳು ಅವನ ಹೆಂಡತಿ ನಿಂಬೆವ್ವ. ಮದುವೆ ಮನೆಗಿರಲಿ, ಸಂತೆಗಿರಲಿ, ಜೋಳ ಬೀಸಿಸಲು ಪಕ್ಕದ ಓಣಿಯ ಗಿರಣಿಗಿರಲಿ, ಅವಳಿಲ್ಲದೆ ಗಾಡಿ ಹೊರಟದ್ದು ಕಡಿಮೆ. ದಾರಿಯುದ್ದಕ್ಕೂ ಅವಳು ಮಾತಾಡುತ್ತಿದ್ದಳು, ಎಂಜಿನಿನ ಗದ್ದಲದಲ್ಲಿ ಅವನಿಗೆ ಒಂದಕ್ಷರವೂ ಕೇಳುತ್ತಿರಲಿಲ್ಲ, ಆದರೂ ಅವನು ಹೂಂಗುಟ್ಟುತ್ತಿದ್ದನು. ಸುಖವೆಂದರೆ ಅದೇ ಆಗಿತ್ತು.

ಸುಖವಾಗಿದ್ದವನು ಸುಮ್ಮನಿರಬೇಕಿತ್ತು. ಇರಲಿಲ್ಲ. ಮೊಬೈಲಿನಲ್ಲಿ ಯಾರದೋ ಎತ್ತರದ ಗಾಡಿ ಬೆಟ್ಟ ಹತ್ತುವುದನ್ನು ಕಂಡು ಅವನ ರಕ್ತ ಕುದಿಯಿತು. ಹೊಸ ಸ್ಪ್ರಿಂಗುಗಳನ್ನೂ ಆನೆಕಾಲಿನಂಥ ಟೈರುಗಳನ್ನೂ ತಂದು ಗಜಲಕ್ಷ್ಮಿಯನ್ನು ಒಂದು ಗೇಣು ಮೇಲಕ್ಕೆತ್ತಿ, ಎದೆ ತಟ್ಟಿ, "ಈಗ ಬರಲಿ ನೋಡ್ರಿ ಕಪ್ಪತಗುಡ್ಡ! ದಾಟಿ ಆ ಕಡೆ ಚಾ ಕುಡದು ಬರ್ತೀನಿ!" ಎಂದು ಓಣಿಗೆಲ್ಲ ಕೇಳುವಂತೆ ಗರ್ಜಿಸಿದನು.

ಗಾಡಿ ಮೇಲೆದ್ದಿತು. ಆದರೆ ಅಡ್ಡಕ್ಕೆ ನೆಟ್ಟಗೆ ಮಲಗಿದ್ದ ಸ್ಟೇರಿಂಗ್ ರಾಡು ಜಾರುಬಂಡಿಯಂತೆ ಇಳಿಜಾರಾಯಿತು. ಗಾಲಿ ತಗ್ಗಿಗೆ ಇಳಿದಾಗಲೆಲ್ಲ ಗಾಡಿ ತಾನೇ ಒಂದು ಕಡೆಗೆ ಎಳೆಯತೊಡಗಿತು. ಮೂಲದ ಬ್ರೇಕುಗಳಿಗೋ ಆ ಮಹಾಟೈರುಗಳನ್ನು ಹಿಡಿದು ನಿಲ್ಲಿಸುವ ತ್ರಾಣವೇ ಇರಲಿಲ್ಲ. ಇದ್ಯಾವುದನ್ನೂ ಎಣಿಸದ ನಮ್ಮ ವೀರನು ಹೆಂಡತಿಯನ್ನೂ ಜೋಳದ ಡಬ್ಬಿಯನ್ನೂ ಎತ್ತಿ ಕೂರಿಸಿಕೊಂಡು ಗಿರಣಿಗೆ ಹೊರಟನು. ಗಿರಣಿ ಬಂತು, ಬ್ರೇಕು ಒತ್ತಿದನು, ಗಿರಣಿ ಹೋಯಿತು. ತಗ್ಗೊಂದು ಎದುರಾಗಿ ಗಾಡಿ ಎಡಕ್ಕೆ ಹೊರಳಿತು. ಮುಂದಿನ ಕ್ಷಣದಲ್ಲಿ ಗಜಲಕ್ಷ್ಮಿಯು ಎಮ್ಮೆಗಳ ತಿಪ್ಪೆಯೊಳಗೆ ಹೆಡ್‌ಲೈಟಿನವರೆಗೆ ಹೊಕ್ಕು ಶಾಂತಳಾಗಿದ್ದಳು.

ಪುರಾಣದ ಹೆಂಗಸರು ಶಪಥಕ್ಕೆ ಮುಡಿ ಬಿಚ್ಚುತ್ತಾರೆ. ನಿಂಬೆವ್ವ ಬಿಚ್ಚಿಹೋಗಿದ್ದ ಮುಡಿಯನ್ನು ಬಿಗಿಯಾಗಿ ಕಟ್ಟಿಕೊಂಡಳು. ಮಡಿಲಿಗೆ ಚೆಲ್ಲಿದ ಜೋಳವನ್ನು ಕೊಡವಿ, ತಿಪ್ಪೆಯ ನೆತ್ತಿಯ ಮೇಲೆ ನಿಂತು ನುಡಿದಳು:

"ತಿರುವಿದ ಕಡೆ ತಿರುಗಿ, ನಿಲ್ಲು ಅಂದಲ್ಲಿ ನಿಲ್ಲೂತನಕ ನಾ ಈ ಗಾಡಿ ಹತ್ತಂಗಿಲ್ಲ. ನಡಕೋಂತ ಹೋಗ್ತೀನಿ. ದೇವರು ಕಾಲು ಕೊಟ್ಟಾನ."

ಅಂದಿನಿಂದ ಮೂರು ವಾರ ಅವಳು ಡಬ್ಬಿಯನ್ನು ತಲೆಯ ಮೇಲಿಟ್ಟುಕೊಂಡು ಗಾಡಿಯ ಮುಂದೆಯೇ ನಡೆದುಹೋದಳು. ಅಂದಾನೆಪ್ಪ ಒಬ್ಬನೇ ಮದುವೆಗಳಿಗೆ ಹೋಗಿಬಂದನು. ದಾರಿಯಲ್ಲಿ ಎರಡು ಸಲ, ಯಾರೂ ಮಾತಾಡದಿದ್ದರೂ, ಖಾಲಿ ಸೀಟಿನ ಕಡೆಗೆ ತಿರುಗಿ ಹೂಂ ಅಂದನು. ಎರಡನೆಯ ಸಲ ಅವನಿಗೆ ಅಳುವೇ ಬಂತು. ಮನೆಗೆ ಬಂದವನೇ ಗೆಳೆಯನನ್ನು ಕರೆಸಿದನು.

ಆ ಗೆಳೆಯನಾರು? ಅಗ್ನಿಪುಷ್ಪವರ್ಷಿ, ಕೃಷ್ಣೋಪನೇತ್ರಧಾರಿ, ಲೋಹಸಂಧಾನವಿಶಾರದ, ವೆಲ್ಡಿಂಗ್ ಅಂಗಡಿಯ ದಾವಲಸಾಬ. ಅವನು ಬಂದವನೇ ಗಾಡಿಯ ಕೆಳಗೆ ಬಗ್ಗಿ ನೋಡಿ, ಲೊಚಗುಟ್ಟಿ, ಮೀಸೆ ತಿರುವಿದನು.

"ಅಂದಾನೆಣ್ಣಾ, ಗಾಡಿ ಎತ್ತಿದಿ, ರಾಡ್ ಕೆಳಗ ಬಿಟ್ಟಿ. ಲುಂಗಿ ಎತ್ತಿ ಕಟ್ಟಿ ಚಡ್ಡಿ ಮರತಂಗಾತು. ಗಾಲಿ ಮ್ಯಾಲೆ ಹೊಸ ತೋಳು ಕೂಡಿಸಿ ರಾಡ್ ಸಪಾಟ ಮಾಡ್ತೀನಿ. ಈ ದಾವಲಸಾಬ ಬೆಸಿಗಿ ಹಾಕಿದ್ದು ಆನಿ ಎಳದ್ರೂ ಬಿಡಂಗಿಲ್ಲ!"

"ನೀ ರಾಡ್ ನೋಡ್ಕೊ," ಎಂದು ಅಂದಾನೆಪ್ಪ ಪ್ರತಿಗರ್ಜಿಸಿದನು. "ಮುಂದಿನ ಬ್ರೇಕ್ ನನಗ ಬಿಡು. ಹಳೇ ಡ್ರಮ್ ಕಿತ್ತು ಡಿಸ್ಕ್ ಹಾಕ್ತೀನಿ. ಕಾಲು ಇಟ್ರ ಭೂಮಿ ನಿಂದ್ರಬೇಕು, ಅಂಥಾ ಬ್ರೇಕ್!"

ಹೀಗೆ ಪ್ರಥಮ ಸಂಗ್ರಾಮ ಮೊದಲಾಯಿತು. ಐವತ್ತು ವರ್ಷಗಳ ತುಕ್ಕೆಂಬ ವಜ್ರಕವಚವನ್ನು ತೊಟ್ಟು ಹಳೆಯ ರಾಡಿನ ಪಿನ್ನು ತನ್ನ ತೂತಿನಲ್ಲಿ ಬೀಡುಬಿಟ್ಟಿತ್ತು. ಸೀಮೆಎಣ್ಣೆ ಸುರಿದರೂ ಜಗ್ಗಲಿಲ್ಲ, ಬೆಂಕಿ ತೋರಿಸಿದರೂ ಬೆದರಲಿಲ್ಲ, ಅಂದಾನೆಪ್ಪ ಅದರ ತಾಯಿತಂದೆಯರನ್ನು ಎತ್ತಿ ಬೈದರೂ ನಾಚಲಿಲ್ಲ. ಕಡೆಗೆ ಇಬ್ಬರೂ ವೀರರು ಎರಡು ಸುತ್ತಿಗೆ ಹಿಡಿದು, ಎದುರುಬದುರು ನಿಂತು, ಒಂದೇ ಉಸಿರಿಗೆ ಎರಡೂ ಕಡೆಯಿಂದ ಹೊಡೆದರು. ಧಣ್! ಪಿನ್ನು ಬಾಣದಂತೆ ಚಿಮ್ಮಿ, ಅಂಗಳವನ್ನು ದಾಟಿ, ಒಣಗಲಿಟ್ಟಿದ್ದ ಶಾವಿಗೆಯ ನಟ್ಟನಡುವೆ ಇಳಿಯಿತು.

"ಶಾವಿಗಿಗೂ ರಾಡ್ ಹಾಕ್ತೀರೇನು?" ಎಂದು ಒಳಗಿನಿಂದ ನಿಂಬೆವ್ವ ಕೇಳಿದಳು. ವೀರರು ಪಿನ್ನನ್ನು ಹೆಕ್ಕಿಕೊಂಡು ಗಾಡಿಯ ಕೆಳಗೆ ನುಸುಳಿದರು.

ದಾವಲಸಾಬ ಮಾತಿಗೆ ತಪ್ಪಲಿಲ್ಲ. ಹಗಲೆಲ್ಲ ಕಿಡಿಯ ಮಳೆಗರೆದು ಹೊಸ ತೋಳನ್ನು ಕೂಡಿಸಿದನು. ರಾಡು ನೀರಿನ ಮಟ್ಟ ಹಿಡಿದಂತೆ ಸಪಾಟಾಗಿ ಕೂತಿತು. ಅರ್ಧ ಯುದ್ಧ ಗೆದ್ದಾಯಿತೆಂದು ಇಬ್ಬರೂ ಕೈಕೈ ಹಿಡಿದು ಕುಣಿದರು.

ಇನ್ನು ಬ್ರೇಕುಗಳ ಪರ್ವ. ಗುಜರಿಗೆ ಬಿದ್ದ ದೊಡ್ಡ ಗಾಡಿಯೊಂದರಿಂದ ತಂದ ಎರಡು ಡಿಸ್ಕು, ಅವುಗಳನ್ನು ಅವುಚಿ ಹಿಡಿಯುವ ಎರಡು ಕಬ್ಬಿಣದ ಮುಷ್ಟಿಗಳು. ಕ್ಯಾಲಿಪರ್ ಎನ್ನುತ್ತಾರೆ ಅವಕ್ಕೆ. ಅಂದಾನೆಪ್ಪನದು ಶಾಸ್ತ್ರಬದ್ಧ ಮನೆತನ. ಪೆಂಡಾಲಿನ ಮೊದಲ ಕಂಬವನ್ನೂ ಪೂಜೆ ಮಾಡದೆ ನೆಡುವವನಲ್ಲ, ನೆಟ್ಟರೆ ಬಲಗಡೆಯಿಂದಲೇ. ಚೀಲಕ್ಕೆ ಕೈ ಹಾಕಿ ಮೊದಲು ಸಿಕ್ಕ ಕ್ಯಾಲಿಪರನ್ನು ಬಾಳೆಲೆಯ ಮೇಲಿಟ್ಟು, ನೀರು ಚಿಮುಕಿಸಿ, ವಿಭೂತಿ ಎಳೆದು, ಕುಂಕುಮವಿಟ್ಟು, ಕಾಯಿ ಒಡೆದು, ಕಣ್ಣಿಗೊತ್ತಿಕೊಂಡು ಬಲಗಡೆಯ ಗಾಲಿಗೆ ಬಿಗಿದನು. ಉಳಿದದ್ದು ಎಡಕ್ಕೆ. ಪೂಜೆಯಲ್ಲಿ ಲೋಪವೇನೂ ಇರಲಿಲ್ಲ. ಅದು ಯಾವ ಗಾಲಿಯದು ಎಂದು ನೋಡುವುದೊಂದು ಉಳಿದಿತ್ತು.

ಈಗ ಬ್ರೇಕಿನ ಎಣ್ಣೆ ತುಂಬಿ ಕೊಳವೆಯೊಳಗಿನ ಗಾಳಿಯನ್ನು ಹೊರಗಟ್ಟಬೇಕು. ಗಾಳಿ ಉಳಿದರೆ ಪೆಡಲು ಮೆತ್ತಗೆ, ಬ್ರೇಕು ಸುಳ್ಳು. ಅಂದಾನೆಪ್ಪ ಮೇಲೆ ಕೂತು ಪೆಡಲು ಒತ್ತುವುದು, ದಾವಲಸಾಬ ಕೆಳಗೆ ಮಲಗಿ ಕ್ಯಾಲಿಪರಿನ ಪುಟ್ಟ ತಿರುಪು ಸಡಿಲಿಸುವುದು. ಅಹೋ, ಅದೃಶ್ಯಕಾಯನೂ ನಿರಾಕಾರನೂ ನಾಳಕಂದರನಿವಾಸಿಯೂ ಆದ ಆ ಗಾಳಿಯೆಂಬ ರಕ್ಕಸನೊಡನೆ ನಡೆದ ಕಾಳಗವನ್ನು ಏನೆಂದು ಬಣ್ಣಿಸಲಿ!

"ಒತ್ತು!"

"ಒತ್ತೀನಿ!"

"ಹಿಡಿ!"

"ಹಿಡದೀನಿ!"

"ಬಿಡು!"

ಒಂದು ದಿನ ಹೀಗೆ. ಎರಡು ದಿನ ಹೀಗೆ. ಎಣ್ಣೆಯ ಬಾಟಲಿಗಳು ಒಂದೊಂದಾಗಿ ವೀರಮರಣ ಹೊಂದಿದವು. ಪೆಡಲು ಮಾತ್ರ ಹತ್ತಿಗಾದಿಯಂತೆ ನೆಲದವರೆಗೆ ಹೋಗಿ ಅಲ್ಲೇ ನಿದ್ದೆ ಮಾಡಿತು. ಮೂರನೆಯ ದಿನ ಮಿತ್ರರ ನಡುವೆಯೇ ರಣಕಹಳೆ ಮೊಳಗಿತು.

"ನಿನ್ನ ಕಾಲಾಗ ಕಸುವಿಲ್ಲ, ಅಂದಾನೆಣ್ಣಾ. ಸೊಳ್ಳಿ ಮ್ಯಾಲೆ ಕಾಲಿಟ್ಟಂಗ ಇಡ್ತಿ!"

"ನೀ ಜೋಡಿಸಿದ ಪೈಪ್‌ನ್ಯಾಗ ಗಾಳಿ ಹೊಗತೈತೋ! ಆನಿ ಎಳದ್ರೂ ಬಿಡಂಗಿಲ್ಲ ಅಂದಿ, ಗಾಳಿಗೆ ಬಿಟ್ಟೀಯಲ್ಲ!"

"ನನ್ನ ಕೆಲಸಕ್ಕ ಹೆಸರಿಡ್ತೀಯಾ? ಇನ್ನ ನಿನ್ನ ಅಂಗಳಕ್ಕ ಕಾಲಿಟ್ರ ಕೇಳು!" ಎಂದವನೇ ದಾವಲಸಾಬ ಸ್ಪ್ಯಾನರನ್ನು ನೆಲಕ್ಕೆ ಕುಕ್ಕಿ, ಭೂಮಿ ಬಿರಿಯುವಂತೆ ಹೆಜ್ಜೆಯಿಡುತ್ತ ಹೊರಟನು. ಚಹದ ವಾಸನೆ ಬಂದುದರಿಂದ ಗೇಟಿನವರೆಗೆ ಮಾತ್ರ ಹೋದನು.

ನಿಂಬೆವ್ವ ಶಪಥ ಮಾಡಿದ್ದಳು, ಚಹ ನಿಲ್ಲಿಸಿರಲಿಲ್ಲ. ಇಬ್ಬರ ಕೈಗೂ ಬಟ್ಟಲು ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದಿನ ಗಾಲಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತಳು. ತಿರುಪನ್ನು ನೋಡಿದಳು. ಗಂಡನ ಮೋರೆಯನ್ನು ನೋಡಿದಳು. ಮೂರು ದಿನದ ಗಡ್ಡ, ಕಿವಿಯ ತನಕ ಎಣ್ಣೆ. ಅವಳಿಗೆ ಅಯ್ಯೋ ಅನಿಸಿತು.

"ಈ ಸಣ್ಣ ತಿರುಪು ಗಾಳಿ ಹೋಗೂ ಬಾಗಲೇನು?"

"ಹೂಂ," ಎಂದನು ಅಂದಾನೆಪ್ಪ.

"ಮತ್ತ ತಳಕ್ಕ ಯಾಕ ಇಟ್ಟೀರಿ?"

ವೀರರಿಬ್ಬರೂ ಹೆಣ್ಣುಮಕ್ಕಳಿಗೆ ಇದೆಲ್ಲ ತಿಳಿಯದು ಎಂಬ ನಗೆಯನ್ನು ತಯಾರು ಮಾಡಿಕೊಳ್ಳುತ್ತಿದ್ದರು. ಅವಳು ಮಾತು ಬೆಳೆಸದೆ ಪಕ್ಕದ ಬಕೆಟಿನಲ್ಲಿ ತಂಬಿಗೆಯನ್ನು ಬೋರಲಾಗಿ ಅದ್ದಿದಳು. ಒಂದು ಹನಿ ನೀರೂ ಒಳಹೋಗಲಿಲ್ಲ. ಬಾಯಿ ಮೇಲೆ ಮಾಡಿದಳು. ಬುಳುಕ್ ಎಂದು ಗಾಳಿ ಹೊರಟು ತಂಬಿಗೆ ತುಂಬಿತು.

"ಗಾಳಿ ಮ್ಯಾಲ ಹೋಗ್ತೈತ್ರಿ. ನೀವು ಕೆಳಗ ಬಾಗಲಾ ತಗದು, ಮೂರು ದಿವಸ ಬಾ ಬಾ ಅಂತ ಕರದ್ರ ಅದು ಹೆಂಗ ಬರ್ತೈತಿ?"

ತಯಾರಾಗಿದ್ದ ನಗೆಯನ್ನು ಇಬ್ಬರೂ ಚಹದೊಡನೆ ನುಂಗಿದರು. ದಾವಲಸಾಬ ಬಲಗಾಲಿಯಿಂದ ಎಡಗಾಲಿಗೆ, ಎಡಗಾಲಿಯಿಂದ ಬಲಗಾಲಿಗೆ ನಾಲ್ಕು ಸಲ ಓಡಿದನು. ಕಡೆಗೆ ಮೆಲ್ಲಗೆ, "ಅಣ್ಣಾ... ಬಲದ್ದು ಎಡಕ್ಕ ಬಿಗದೀವಿ. ಎಡದ್ದು ಬಲಕ್ಕ. ಅದಕ್ಕ ತಿರುಪು ತಳಕ್ಕ ಬಂದೈತಿ," ಎಂದನು.

"ಅದಲಿ ಬದಲಿ ಮಾಡಿದ್ರ ಆತು," ಎಂದಳು ನಿಂಬೆವ್ವ.

ಅಂದಾನೆಪ್ಪನ ಮುಖದಲ್ಲಿ ಧರ್ಮಸಂಕಟ ಮೂಡಿತು. "ಬದಲಿ ಮಾಡಬಹುದು, ಖರೆ. ಆದ್ರ ಬಲಗಾಲಿದಕ್ಕ ಪೂಜಿ ಆಗೇತಿ. ಕುಂಕುಮ ಹಚ್ಚಿದ್ದು ಎಡಕ್ಕ ಹೋದ್ರ ಹೆಂಗ?"

ನಿಂಬೆವ್ವ ಎದ್ದಳು. ಒದ್ದೆ ಸೆರಗಿನ ತುದಿಯಿಂದ ಪೂಜಿತ ಕ್ಯಾಲಿಪರಿನ ಕುಂಕುಮ ಒರೆಸಿದಳು. ತನ್ನ ಹಣೆಯ ಕುಂಕುಮವನ್ನೇ ಬೆರಳಿಗೆ ತಗುಲಿಸಿ ಇನ್ನೊಂದಕ್ಕೆ ಹಚ್ಚಿದಳು. "ಈಗ ಇದು ಬಲ. ಹಾಕ್ರಿ."

ಹಾಕಿದರು. ಒತ್ತು ಎಂದನೊಬ್ಬ, ಒತ್ತೀನಿ ಎಂದನೊಬ್ಬ. ತಿರುಪು ಸಡಿಲಿಸಿದೊಡನೆ ಮೂರು ದಿನ ಬಂದಿಯಾಗಿದ್ದ ರಕ್ಕಸನು ಪುಸ್ ಪುಸ್ ಎಂದು ಗುಳ್ಳೆಗುಳ್ಳೆಯಾಗಿ ಬಾಟಲಿಗೆ ಬಂದು ಪ್ರಾಣ ಬಿಟ್ಟನು. ಪೆಡಲು ಕಲ್ಲಾಯಿತು. ದಾವಲಸಾಬ ಗಾಡಿಯ ಕೆಳಗಿನಿಂದಲೇ ಶಿಳ್ಳೆ ಹೊಡೆದನು. ಅಂದಾನೆಪ್ಪ ಸ್ಟೇರಿಂಗನ್ನು ತಬ್ಬಿಕೊಂಡನು. ಎಮ್ಮೆಯೊಂದು ಹೌಹಾರಿ ಹಗ್ಗ ಕಿತ್ತುಕೊಂಡು ಓಡಿತು. ಇಂಥ ವಿಜಯವನ್ನು ಗಾಣಿಗೇರ ಓಣಿ ಕಂಡಿರಲಿಲ್ಲ.

ಅಂದಾನೆಪ್ಪ ಒಬ್ಬನೇ ಹೋಗಿ ಎರಡು ಸುತ್ತು ಹೊಡೆದು ಬಂದನು. ತಗ್ಗಿನಲ್ಲಿ ಇಳಿಸಿದನು, ಗಾಡಿ ನೆಟ್ಟಗೆ ಹೋಯಿತು. ಕಾಲಿಟ್ಟನು, ನಿಂತಿತು. ಬಂದವನೇ ಎಡಗಡೆಯ ಬಾಗಿಲು ತೆರೆದು, ಸೀಟಿನ ಧೂಳನ್ನು ಟವೆಲಿನಿಂದ ಒರೆಸಿದನು.

ನಿಂಬೆವ್ವ ಜೋಳದ ಡಬ್ಬಿ ತಂದಳು. ಕಾಲೆತ್ತಿದಳು. ಕಾಲು ಎಟುಕಲಿಲ್ಲ. ಸೀರೆ ಎತ್ತಿ ಕಟ್ಟಿ ಮತ್ತೆ ಯತ್ನಿಸಿದಳು. ಹಿಂದಿನ ಸಲ ಅವಳನ್ನು ಎತ್ತಿ ಕೂರಿಸಿದ ಗಂಡನಿಗೆ ಮೂರು ದಿನ ಪೆಡಲು ಒತ್ತಿ ಸೊಂಟ ಹಿಡಿದಿತ್ತು. ಕೊನೆಗೆ ಅಡುಗೆಮನೆಯಿಂದ ಸ್ಟೂಲು ತಂದು ಗೇಟಿನ ಪಕ್ಕ ಇಟ್ಟು, ಅದರ ಮೇಲೆ ಹತ್ತಿ, ದಾವಲಸಾಬನ ಹೆಗಲು ಹಿಡಿದು, ಆ ಅತ್ಯುನ್ನತ ಗಗನಚುಂಬಿ ಪೀಠವನ್ನು ಏರಿದಳು.

ಮೊದಲ ತಿರುವಿನವರೆಗೆ ಅವಳ ಎಡಗೈ ಮುಂದಿನ ಹಿಡಿಕೆಯನ್ನು ಬಿಟ್ಟಿರಲಿಲ್ಲ. ತಿಪ್ಪೆ ಬಂತು. ತಗ್ಗು ಬಂತು. ಗಜಲಕ್ಷ್ಮಿ ಅತ್ತಿತ್ತ ನೋಡದೆ ದಾಟಿದಳು. ಗಿರಣಿಯ ಬಾಗಿಲಿಗೆ ಸರಿಯಾಗಿ, ಡಬ್ಬಿಯೊಳಗಿನ ಒಂದು ಕಾಳೂ ಅಲುಗದಂತೆ ಗಾಡಿ ನಿಂತಾಗ ಅಂದಾನೆಪ್ಪ ಕದ್ದು ನೋಡಿದನು. ಅವಳ ಎರಡೂ ಕೈ ಮಡಿಲಿನ ಡಬ್ಬಿಯ ಮೇಲಿದ್ದವು. ಅವಳು ಏನೋ ಮಾತಾಡುತ್ತಿದ್ದಳು. ಅವನಿಗೆ ಕೇಳಿಸಲಿಲ್ಲ. ಹೂಂ ಅಂದನು.

ಗಿರಣಿಯವನು ಹೊರಗೆ ಬಂದು ಕೈಯಾಡಿಸಿದನು. "ಕರೆಂಟ್ ಇಲ್ರೀ ಅಕ್ಕಾರ. ಸಂಜಿಮುಂದ ಬರ್ರಿ."

ಹೀಗೆ ಮೂರು ವಾರದ ಶಪಥ, ಮೂರು ದಿನದ ಕಾಳಗ, ಎಂಟು ಬಾಟಲಿ ಎಣ್ಣೆ, ಒಂದು ತಟ್ಟೆ ಶಾವಿಗೆ, ಇಷ್ಟನ್ನೂ ಆಹುತಿ ಕೊಟ್ಟು ಜಗದೇಕವೀರನು ಮುನ್ನೂರು ಹೆಜ್ಜೆ ದೂರದ ಗಿರಣಿಯವರೆಗೆ ಹೋಗಿ, ಬೀಸದ ಜೋಳದೊಡನೆ ಹೊಳ್ಳಿ ಬಂದನು.

ಸ್ಟೂಲು ಗೇಟಿನ ಪಕ್ಕ ಹಾಗೆಯೇ ಇತ್ತು. ಅಂದಾನೆಪ್ಪ ನಾಲಗೆ ಕಚ್ಚಿಕೊಂಡು, ಸ್ಟೇರಿಂಗನ್ನು ಕೂದಲೆಳೆಯಷ್ಟು ತಿರುವಿ, ಪೆಡಲಿನ ಮೇಲೆ ಕಾಲಿಟ್ಟನು. ಗಾಡಿ ನಿಂತಿತು. ನಿಂಬೆವ್ವ ಬಾಗಿಲು ತೆರೆದು, ಕೆಳಗೆ ನೋಡದೆ ಕಾಲು ಚಾಚಿದಳು. ಕಾಲು ಸ್ಟೂಲಿನ ಮೇಲೆಯೇ ಬಿತ್ತು.

ಅವನು ಖುಷಿಯಿಂದ ಇಳಿದು ಬಂದು ಸ್ಟೂಲನ್ನು ಒಳಗೊಯ್ಯಲು ಎತ್ತಿಕೊಂಡನು.

"ಅದು ಅಲ್ಲೇ ಇರ್ಲಿ ಬಿಡ್ರಿ," ಎಂದಳು ನಿಂಬೆವ್ವ, ಡಬ್ಬಿಯನ್ನು ಸೀಟಿನ ಮೇಲೆಯೇ ಬಿಟ್ಟು ಒಳಗೆ ಹೋಗುತ್ತ. "ಸಂಜಿಗೆ ಮತ್ತ ಹತ್ತಬೇಕಲ್ಲ."